ಮುಖಪುಟಕ್ಕೆ ಮೊದಲು ಕೇಳುಗ, ಆಮೇಲೆ ಕಂಪ್ಯೂಟರ್

ಕಾಲೇಜುಗಳಲ್ಲಿ ಪ್ರಾಜೆಕ್ಟ್ ಕೊಡುವ ಹೊತ್ತಿಗೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರತೊಡಗುತ್ತವೆ. ಪತ್ರಿಕೋದ್ಯಮವನ್ನೋ ವಿಷುಯಲ್ ಕಮ್ಯುನಿಕೇಷನ್ನನ್ನೋ ಓದುತ್ತಿರುವ ಹುಡುಗ ಹುಡುಗಿಯರು ಬರೆಯುತ್ತಾರೆ, ಕೆಲವೊಮ್ಮೆ ಅವರ ಅಪ್ಪ ಅಮ್ಮಂದಿರೂ ಬರೆಯುತ್ತಾರೆ. ಸಂಗೀತ ಪತ್ರಿಕೆಯೊಂದರ ಮುಖಪುಟ ಮಾಡಿ ತರಲು ಹೇಳಿದ್ದಾರೆ, ಯಾವ ಸಾಫ್ಟ್‌ವೇರ್ ಕಲಿಯಬೇಕು, ಎಷ್ಟು ದಿನ ಹಿಡಿಯುತ್ತದೆ, ಎಲ್ಲಿ ಪ್ರಿಂಟ್ ಹಾಕಿಸಬೇಕು ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರಿಸುವುದಕ್ಕಿಂತ ಈ ಸಲ ಎಲ್ಲರಿಗೂ ಸೇರಿಸಿ ಇಲ್ಲಿಯೇ ಬರೆಯುತ್ತಿದ್ದೇನೆ.

ಸಾಫ್ಟ್‌ವೇರಿನ ಪ್ರಶ್ನೆಗೆ ಉತ್ತರ ಚಿಕ್ಕದು. ಕಾಲೇಜಿನ ಲ್ಯಾಬಿನಲ್ಲಿ ಫೋಟೊಶಾಪ್, ಇನ್‌ಡಿಸೈನ್ ಇದ್ದರೆ ಅವನ್ನೇ ಬಳಸಿ. ಇಲ್ಲವೆಂದರೆ ಜಿಂಪ್, ಇಂಕ್‌ಸ್ಕೇಪ್, ಸ್ಕ್ರೈಬಸ್ ಪುಕ್ಕಟೆಯಾಗಿ ಸಿಗುತ್ತವೆ, ಒಂದು ಪುಟದ ಕೆಲಸಕ್ಕೆ ಧಾರಾಳವಾಗಿ ಸಾಕು. ಆದರೆ ಪುಟವಿನ್ಯಾಸದ ಮೇಜಿನಲ್ಲಿ ಕೂತು ಕೆಲಸ ಮಾಡಿ, ಆಮೇಲೆ ವಿದ್ಯಾರ್ಥಿಗಳ ಮುಖಪುಟಗಳನ್ನು ನೋಡುತ್ತಾ ಬಂದ ನನಗೆ ಒಂದು ಮಾತು ಖಚಿತವಾಗಿದೆ. ಒಳ್ಳೆಯ ಮುಖಪುಟದ ಮುಕ್ಕಾಲು ಪಾಲು ಕಂಪ್ಯೂಟರ್ ಮುಂದೆ ಕೂರುವ ಮೊದಲೇ ಮುಗಿದಿರುತ್ತದೆ. ಇದು ಯಾರು ಕೇಳುವ ಸಂಗೀತ, ಯಾರ ಮುಖ, ಯಾವ ಒಂದು ಮಾತು ಎಂಬ ಮೂರು ಸಂಗತಿ ತೀರ್ಮಾನವಾದರೆ ಉಳಿದದ್ದು ಕೈಕೆಲಸ. ಇವು ತೀರ್ಮಾನವಾಗದೆ ಮೌಸ್ ಹಿಡಿದವರು ಬಣ್ಣ ಬದಲಿಸುತ್ತಾ, ಫಾಂಟ್ ಬದಲಿಸುತ್ತಾ ರಾತ್ರಿ ಕಳೆಯುತ್ತಾರೆ.

ಈ ಪ್ರಾಜೆಕ್ಟು ನಮ್ಮಲ್ಲಿ ಮಾತ್ರ ಇರುವುದಲ್ಲ. ಇಂಗ್ಲೆಂಡಿನಲ್ಲಿ ಎ-ಲೆವೆಲ್ ಮೀಡಿಯಾ ಸ್ಟಡೀಸ್ ಓದುವವರಿಗೆ ಒಸಿಆರ್ ಎಂಬ ಪರೀಕ್ಷಾ ಮಂಡಳಿ ಹಲವು ವರ್ಷ ಇದನ್ನೇ ಕೊಡುತ್ತಿತ್ತು. ಮೊದಲು ಕೈ ಕುದುರಲೆಂದು ಕಾಲೇಜು ಪತ್ರಿಕೆಯ ಮುಖಪುಟ. ಆಮೇಲೆ ಹೊಸದೊಂದು ಸಂಗೀತ ಪತ್ರಿಕೆಯ ಮುಖಪುಟ, ಪರಿವಿಡಿ ಪುಟ ಮತ್ತು ಎದುರುಬದುರು ಪುಟಗಳ ಒಂದು ಲೇಖನ. ಚಿತ್ರ, ಬರಹ ಎಲ್ಲವೂ ವಿದ್ಯಾರ್ಥಿಯದೇ ಆಗಿರಬೇಕು, ಕನಿಷ್ಠ ನಾಲ್ಕು ಚಿತ್ರಗಳಿರಬೇಕು ಎಂಬುದು ನಿಯಮ. ಈ ನಿಯಮವನ್ನು ನಾನು ತುಂಬ ಮೆಚ್ಚುತ್ತೇನೆ. ಇಂಟರ್‌ನೆಟ್ಟಿನಿಂದ ಎ.ಆರ್. ರೆಹಮಾನರದೋ ಅರಿಜಿತ್ ಸಿಂಗರದೋ ಚಿತ್ರ ಇಳಿಸಿಕೊಂಡು ಅದರ ಮೇಲೆ ಅಕ್ಷರ ಕೂರಿಸಿದರೆ ಅದು ಪೋಸ್ಟರಿನ ಅಭ್ಯಾಸವಾದೀತು. ಆ ಚಿತ್ರದ ಬೆಳಕು, ಕೋನ, ಭಂಗಿ, ತಲೆಯ ಮೇಲೆ ಬಿಟ್ಟ ಜಾಗ ಎಲ್ಲವನ್ನೂ ಬೇರೆ ಯಾರೋ ಬೇರೆ ಯಾವುದೋ ಕೆಲಸಕ್ಕೆ ತೀರ್ಮಾನಿಸಿರುತ್ತಾರೆ. ವಿದ್ಯಾರ್ಥಿಗೆ ಕಲಿಯಲು ಉಳಿಯುವುದು ಕಡಿಮೆ. ಫೋಟೊ ತೆಗೆದವರಿಗೆ ಅದರ ಮೇಲೆ ಹಕ್ಕೂ ಇರುತ್ತದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಹಕ್ಕು ಪ್ರಕಟವಾದ ಮೇಲೆ 60 ವರ್ಷ ಉಳಿಯುತ್ತದೆ. ತರಗತಿಯ ಅಭ್ಯಾಸಕ್ಕೆ ಕಾನೂನು ಸ್ವಲ್ಪ ಸಡಿಲ ಬಿಟ್ಟಿದೆ, ನಿಜ. ಆದರೆ ಅದೇ ಮುಖಪುಟವನ್ನು ನಾಳೆ ಇನ್‌ಸ್ಟಾಗ್ರಾಂಗೆ ಹಾಕಿದಾಗ, ಕೆಲಸ ಕೇಳಿಕೊಂಡು ಹೋದಲ್ಲಿ ತೋರಿಸಿದಾಗ ಆ ಸಡಿಲ ನೆರವಿಗೆ ಬರುತ್ತದೆ ಎಂದುಕೊಳ್ಳಬಾರದು.

ಸಂಗೀತದ ಪತ್ರಿಕೆಯನ್ನೇ ಯಾಕೆ ಕೊಡುತ್ತಾರೆ? ಅಡುಗೆ ಪತ್ರಿಕೆಯ ಮುಖಪುಟದಲ್ಲಿ ಅಡುಗೆಯನ್ನು ತೋರಿಸಬಹುದು, ಕ್ರೀಡಾ ಪತ್ರಿಕೆಯಲ್ಲಿ ಆಟವನ್ನು ತೋರಿಸಬಹುದು. ಕಾಗದಕ್ಕೆ ದನಿಯಿಲ್ಲ. ಆದ್ದರಿಂದ ಸಂಗೀತ ಪತ್ರಿಕೆಯ ಮುಖಪುಟ ಸಂಗೀತವನ್ನು ತೋರಿಸಲಾರದು, ಅದನ್ನು ಕೇಳುವವರನ್ನು ಕರೆಯಬಲ್ಲದು ಅಷ್ಟೆ. ಹೆಸರಾದ ಪತ್ರಿಕೆಗಳನ್ನು ಸಾಲಾಗಿಟ್ಟು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1923ರಲ್ಲಿ ಲಂಡನ್ನಿನಲ್ಲಿ ಶುರುವಾದ ‘ಗ್ರಾಮಫೋನ್’ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ರೆಕಾರ್ಡ್ ಕೊಳ್ಳುವವರಿಗಾಗಿ ಹುಟ್ಟಿದ್ದು. 1981ರ ‘ಕೆರಾಂಗ್’ ಹೆವಿ ಮೆಟಲ್ ಕೇಳುವ ಹುಡುಗರಿಗಾಗಿ ಬಂದದ್ದು, ಅದರ ಹೆಸರೇ ಗಿಟಾರಿನ ಸದ್ದು. 1993ರ ‘ಮೋಜೊ’ ಹಳೆಯ ರಾಕ್ ಸಂಗೀತವನ್ನು ಪ್ರೀತಿಸುವ ವಯಸ್ಕರದು. ಒಂದರಲ್ಲಿ ಶಾಂತವಾದ ಭಾವಚಿತ್ರ, ಇನ್ನೊಂದರಲ್ಲಿ ಒಡೆದ ಗಾಜಿನಂಥ ಅಕ್ಷರ, ಮತ್ತೊಂದರಲ್ಲಿ ಹಳೆಯ ಕಪ್ಪುಬಿಳುಪು ಫೋಟೊ. ಅಂಗಡಿಯ ಮುಂದೆ ನಿಂತವನು ಹೆಸರು ಓದುವ ಮೊದಲೇ ಇದು ನನ್ನದು, ಅದು ನನ್ನದಲ್ಲ ಎಂದು ತಿಳಿದುಕೊಳ್ಳುತ್ತಾನೆ. ನಮ್ಮ ದೇಶದಲ್ಲೂ ಹಾಗೆಯೇ. ಚೆನ್ನೈಯಿಂದ 1983ರಲ್ಲಿ ಆರಂಭವಾದ ‘ಶ್ರುತಿ’ ಸಂಗೀತ, ನೃತ್ಯ ಕಲಾವಿದರ ಮತ್ತು ರಸಿಕರ ಪತ್ರಿಕೆ. ಹತ್ತು ವರ್ಷದ ಮೇಲೆ ಅಲಹಾಬಾದಿನಿಂದ ಹೊರಟ ‘ರಾಕ್ ಸ್ಟ್ರೀಟ್ ಜರ್ನಲ್’ ಕಾಲೇಜು ಹಬ್ಬಗಳಲ್ಲಿ ಗಿಟಾರ್ ಹಿಡಿದವರ ಪತ್ರಿಕೆ. ಒಂದರ ಮುಖಪುಟವನ್ನು ಇನ್ನೊಂದಕ್ಕೆ ಹಾಕಲು ಬರುವುದಿಲ್ಲ.

ಆದ್ದರಿಂದ ಮೊದಲ ಕೆಲಸ, ಓದುಗರೊಬ್ಬರನ್ನು ಕಾಗದದ ಮೇಲೆ ಬರೆದಿಡುವುದು. ‘ಸಂಗೀತ ಪ್ರಿಯರೆಲ್ಲರಿಗೂ’ ಎಂದು ಬರೆದು ತರುವವರಿಗೆ ನಾನು ಇನ್ನೊಮ್ಮೆ ಬರೆಯಲು ಹೇಳುತ್ತೇನೆ. ಮಲ್ಲಿಕಾರ್ಜುನ ಮನ್ಸೂರರ ಧ್ವನಿಮುದ್ರಣ ಹುಡುಕಿ ಕೇಳುವ ಧಾರವಾಡದ ನಿವೃತ್ತ ಮೇಷ್ಟರು, ಕನ್ನಡ ರ‍್ಯಾಪ್ ಕೇಳುತ್ತಾ ಡೆಲಿವರಿ ಕೆಲಸ ಮಾಡುವ ಹುಡುಗ, ಪ್ರತಿ ಅಮಾವಾಸ್ಯೆಗೆ ಮಾದಪ್ಪನ ಬೆಟ್ಟಕ್ಕೆ ಹೋಗಿ ಕಂಸಾಳೆ ಕೇಳಿ ಬರುವ ಮನೆಯವರು, ಇವರೆಲ್ಲ ಸಂಗೀತ ಪ್ರಿಯರೇ. ಮೂವರನ್ನೂ ಒಂದೇ ಪುಟದಿಂದ ಕರೆಯುವ ಮುಖಪುಟ ಮೂವರಿಗೂ ಅಪರಿಚಿತವಾಗಿ ಕಾಣುತ್ತದೆ. ‘ಚಿಕ್ಕಂದಿನಲ್ಲಿ ಸಂಗೀತ ಪಾಠಕ್ಕೆ ಹೋಗಿ ಅರ್ಧಕ್ಕೆ ಬಿಟ್ಟವಳು, ಈಗ ಹುಬ್ಬಳ್ಳಿಯಲ್ಲಿ ಕೆಲಸ, ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಸಿಕ್ಕಿದ್ದನ್ನೆಲ್ಲ ಕೇಳುತ್ತಾಳೆ, ಕೇಳಿದ್ದರ ಬಗ್ಗೆ ತಿಳಿಯುವ ಆಸೆ ಇದೆ’ ಎಂದು ವಿದ್ಯಾರ್ಥಿನಿಯೊಬ್ಬಳು ಬರೆದು ತಂದಿದ್ದಳು. ಅಷ್ಟು ಬರೆದ ಮೇಲೆ ಅವಳಿಗೆ ಮುಖಪುಟದ ಬಣ್ಣದ ಬಗ್ಗೆ ಯಾರನ್ನೂ ಕೇಳುವ ಅಗತ್ಯ ಬೀಳಲಿಲ್ಲ.

ಕನ್ನಡದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ವಿಶೇಷ ಅನುಕೂಲವಿದೆ. ನಮ್ಮ ಊರುಗಳ ಪತ್ರಿಕೆ ಅಂಗಡಿಯಲ್ಲಿ ಸಿನಿಮಾ ಪತ್ರಿಕೆ, ವಾರಪತ್ರಿಕೆ, ಮಾಸಪತ್ರಿಕೆ ನೇತಾಡುತ್ತಿರುತ್ತವೆ, ಸಂಗೀತಕ್ಕೇ ಮೀಸಲಾದ ಕನ್ನಡ ಪತ್ರಿಕೆ ಸುಲಭಕ್ಕೆ ಕೈಗೆ ಸಿಗುವುದಿಲ್ಲ. ನೋಡಿ ಮಾಡಲು ಮಾದರಿಯೇ ಇಲ್ಲವಲ್ಲ ಎಂದು ಹಲವರು ಕೊರಗುತ್ತಾರೆ. ನನಗೆ ಅದು ಕೊರತೆಯಾಗಿ ಕಾಣುವುದಿಲ್ಲ. ಇಂಗ್ಲೆಂಡಿನ ವಿದ್ಯಾರ್ಥಿ ಎಷ್ಟೇ ಒದ್ದಾಡಿದರೂ ಅವನ ಮುಖಪುಟ ಯಾವುದೋ ಹಳೆಯ ಪತ್ರಿಕೆಯ ನೆರಳಾಗಿ ಉಳಿಯುತ್ತದೆ. ತತ್ವಪದಕ್ಕೆ, ಸುಗಮ ಸಂಗೀತಕ್ಕೆ, ಡೊಳ್ಳಿಗೆ, ಬೆಂಗಳೂರಿನ ಬ್ಯಾಂಡಿಗೆ ಪತ್ರಿಕೆಯ ಮುಖ ಹೇಗಿರಬೇಕು ಎಂಬುದನ್ನು ಇನ್ನೂ ಯಾರೂ ಗಟ್ಟಿಮಾಡಿಲ್ಲ. ಮೂರನೇ ಸೆಮಿಸ್ಟರಿನ ಹುಡುಗಿಯೊಬ್ಬಳು ಅದನ್ನು ಮೊದಲ ಸಲ ಮಾಡಬಹುದು. ಹೀಗಿರುವಾಗ ಅಮೆರಿಕದ ಸಂಗೀತ ಪತ್ರಿಕೆ ‘ರೋಲಿಂಗ್ ಸ್ಟೋನ್’ನ ಕೆಂಪು ಅಕ್ಷರವನ್ನೇ ಹೋಲುವ ಹೆಸರು ಬರೆದು ಗಿಟಾರ್ ಹಿಡಿದ ಗೆಳೆಯನನ್ನು ನಿಲ್ಲಿಸಿ ಮುಗಿಸುವುದು ಸಿಕ್ಕ ಅವಕಾಶವನ್ನು ಕೈಬಿಟ್ಟಂತೆ.

ಈಗ ಚಿತ್ರದ ಮಾತು. ಬಸ್ಸಿನ ಹುಡುಗಿಯನ್ನು ಓದುಗಳೆಂದು ಬರೆದು ತಂದಿದ್ದ ಆ ವಿದ್ಯಾರ್ಥಿನಿ ತನ್ನ ಮುಖಪುಟಕ್ಕೆ ಗದಗ ಸೀಮೆಯ ತತ್ವಪದಕಾರರೊಬ್ಬರನ್ನು ಆರಿಸಿಕೊಂಡಳು. ಏಕತಾರಿ ಹಿಡಿದು ಹಾಡುವ ಹಿರಿಯರು. ಅವಳ ಜೊತೆ ನಾನೂ ಹೋಗಿದ್ದೆ. ಮನೆಯ ಪಡಸಾಲೆಯಲ್ಲಿ ಟ್ಯೂಬ್‌ಲೈಟ್ ಇತ್ತು, ಅದನ್ನು ಆರಿಸಲು ಹೇಳಿ ಬಾಗಿಲ ಪಕ್ಕ, ಬೆಳಕು ಒಂದೇ ಕಡೆಯಿಂದ ಬೀಳುವಂತೆ ಕೂರಿಸಿದಳು. ಹಿಂದೆ ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಕೇಳಿಕೊಂಡು ತೆಗೆದಿಟ್ಟಳು. “ಅಜ್ಜಾರ, ಒಂದು ಪದ ಹಾಡ್ರಿ” ಎಂದಳು. “ತಡಿ ಯವ್ವಾ, ಮೊದಲ ಶ್ರುತಿ ಕೂಡಸ್ತೇನಿ” ಎಂದು ಅವರು ಸೋರೆಬುರುಡೆಯನ್ನು ಎದೆಗೆ ಆನಿಸಿಕೊಂಡು, ಕಿವಿಯನ್ನು ತಂತಿಯ ಹತ್ತಿರ ತಂದು, ಒಂದು ಕೈಯಿಂದ ಮೀಟುತ್ತಾ ಇನ್ನೊಂದರಿಂದ ಬಿರಡೆ ತಿರುಗಿಸತೊಡಗಿದರು. ಆಮೇಲೆ ಹಾಡಿದರು, ಅವಳು ತುಂಬ ಚಿತ್ರ ತೆಗೆದಳು. ಹಾಡುವಾಗ ತೆಗೆದವುಗಳಲ್ಲಿ ಬಾಯಿ ಅರ್ಧ ತೆರೆದಿತ್ತು, ಹುಬ್ಬು ಗಂಟಿಕ್ಕಿತ್ತು. ದನಿಯಿಲ್ಲದೆ ನೋಡಿದರೆ ನೋವಿನಲ್ಲಿದ್ದಾರೇನೋ ಎನ್ನಿಸುವಂತಿತ್ತು. ಮುಖಪುಟಕ್ಕೆ ಬಂದದ್ದು ಶ್ರುತಿ ಕೂಡಿಸುವಾಗಿನ ಚಿತ್ರ. ಕಣ್ಣು ಅರೆಮುಚ್ಚಿದೆ, ತುಟಿ ಮುಚ್ಚಿದೆ, ಮುಖವೆಲ್ಲ ಕಿವಿಯಾಗಿದೆ. ನೋಡುವವರಿಗೂ ಏನನ್ನೋ ಕೇಳಿಸಿಕೊಳ್ಳಬೇಕು ಎನ್ನಿಸುತ್ತದೆ. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಇದನ್ನೇ: ಹಾಡುಗಾರರು ಹಾಡುವಾಗ ಮಾತ್ರವಲ್ಲ, ಆಲಿಸುವಾಗಲೂ ಕ್ಯಾಮೆರಾ ಹಿಡಿಯಿರಿ.

ಫೋಟೊ ತೆಗೆಯುವಾಗಲೇ ನೆನಪಿಡಬೇಕಾದ ಇನ್ನು ಕೆಲವು ಮಾತುಗಳಿವೆ. ಕ್ಯಾಮೆರಾವನ್ನು ನಿಲುವಾಗಿ ಹಿಡಿಯಿರಿ, ತಲೆಯ ಮೇಲೆ ಪುಟದ ಕಾಲು ಭಾಗದಷ್ಟಾದರೂ ಖಾಲಿ ಬಿಡಿ, ಪತ್ರಿಕೆಯ ಹೆಸರು ಅಲ್ಲಿ ಬರಬೇಕು. ಒಂದು ಪಕ್ಕವೂ ತುಸು ಬಯಲಾಗಿರಲಿ, ಸಾಲುಗಳು ಅಲ್ಲಿ ಕೂರುತ್ತವೆ. ತೆಗೆಯುವ ಮೊದಲೇ ಇದು ಎಲ್ಲೆಲ್ಲಿ ಬಳಕೆಯಾಗುತ್ತದೆ ಎಂದು ಕಲಾವಿದರಿಗೆ ಹೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ವಿನ್ಯಾಸಕ್ಕೆ ಸರಿಹೊಂದಲಿ ಎಂದು ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುಗಿಸಲೇಬೇಡಿ. ಬೇರೆ ಪತ್ರಿಕೆಯಲ್ಲಿ ಇದು ನಡೆದೀತು, ಸಂಗೀತ ಪತ್ರಿಕೆಯಲ್ಲಿ ನಡೆಯುವುದಿಲ್ಲ. ಪಿಟೀಲಿನ ಕಮಾನು ಎಡಗೈಗೆ ಬರುತ್ತದೆ, ಮೃದಂಗದ ಎಡ ಬಲ ಅದಲುಬದಲಾಗುತ್ತದೆ. ನುಡಿಸುವವರು ಯಾರೇ ನೋಡಿದರೂ ಮೊದಲ ನೋಟಕ್ಕೇ ಗುರುತಿಸುತ್ತಾರೆ, ಆಮೇಲೆ ಒಳಗಿನ ಒಂದು ಪುಟವನ್ನೂ ನಂಬುವುದಿಲ್ಲ.

ಕೃತಕ ಬುದ್ಧಿಮತ್ತೆಯಿಂದ ಚಿತ್ರ ಮಾಡಿಸಬಹುದೇ ಎಂದು ಈಚೆಗೆ ಬಹಳ ಜನ ಕೇಳುತ್ತಿದ್ದಾರೆ. ಸರಸ್ವತಿ ವೀಣೆಗೆ 24 ಮೆಟ್ಟಿಲು, ನುಡಿಸಲು ನಾಲ್ಕು ತಂತಿ, ತಾಳಕ್ಕೆ ಮೂರು. ಯಂತ್ರ ಬರೆದ ವೀಣೆಯಲ್ಲಿ ಈ ಲೆಕ್ಕ ತಪ್ಪುವುದನ್ನು ನೋಡಿದ್ದೇನೆ. ನಾಳೆ ಅದು ಸರಿಹೋಗಬಹುದು. ಆಗಲೂ ನನ್ನ ಅಭಿಪ್ರಾಯ ಬದಲಾಗುವುದಿಲ್ಲ. ಸಂಗೀತ ಪತ್ರಿಕೆ ತನ್ನ ಮುಖಪುಟದಲ್ಲಿ ಒಬ್ಬರನ್ನು ಹಾಕಿದರೆ, ಇವರು ಇದ್ದಾರೆ, ಹಾಡುತ್ತಾರೆ, ನೀವು ಹೋಗಿ ಕೇಳಬಹುದು ಎಂದು ಓದುಗರಿಗೆ ಭರವಸೆ ಕೊಟ್ಟಂತೆ. ಇಲ್ಲದವರ ಮುಖ ಹಾಕಿ ಆ ಭರವಸೆ ಕೊಡಬಾರದು. ಹಿನ್ನೆಲೆಯ ಬಣ್ಣ, ವಿನ್ಯಾಸದ ಹಲವು ಸಾಧ್ಯತೆಗಳನ್ನು ಬೇಗ ನೋಡಲು ಯಂತ್ರದ ಸಹಾಯ ಪಡೆಯುವುದಕ್ಕೆ ನನ್ನ ಆಕ್ಷೇಪವಿಲ್ಲ.

ಇನ್ನು ಮುಖಪುಟದ ಮೇಲೆ ಬರೆಯುವ ಮಾತು. ‘ರೋಲಿಂಗ್ ಸ್ಟೋನ್’ 1967ರ ನವೆಂಬರ್ 9ರ ತನ್ನ ಮೊದಲ ಸಂಚಿಕೆಯ ಮುಖಪುಟದಲ್ಲಿ ಸಿನಿಮಾವೊಂದರಲ್ಲಿ ಸೈನಿಕನ ವೇಷ ಹಾಕಿದ್ದ ಗಾಯಕ ಜಾನ್ ಲೆನನ್ ಚಿತ್ರ ಹಾಕಿತ್ತು. ಅದೇ ಪತ್ರಿಕೆಯ 1981ರ ಜನವರಿ 22ರ ಸಂಚಿಕೆಯ ಮುಖಪುಟದಲ್ಲಿ ಮತ್ತೆ ಲೆನನ್, ಜೊತೆಗೆ ಪತ್ನಿ ಯೋಕೊ ಓನೊ. ಆ್ಯನಿ ಲೀಬೊವಿಟ್ಜ್ ಆ ಚಿತ್ರ ತೆಗೆದದ್ದು 1980ರ ಡಿಸೆಂಬರ್ 8ರಂದು, ಲೆನನ್ ದಂಪತಿಯ ನ್ಯೂಯಾರ್ಕಿನ ಮನೆಯಲ್ಲಿ. ಕೆಲವೇ ಗಂಟೆಗಳ ಮೇಲೆ ಲೆನನ್ ಕೊಲೆಯಾಯಿತು. ಪತ್ರಿಕೆ ಆ ಚಿತ್ರದ ಮೇಲೆ ತನ್ನ ಹೆಸರು ಬಿಟ್ಟು ಬೇರೆ ಯಾವ ಶೀರ್ಷಿಕೆಯನ್ನೂ ಹಾಕಲಿಲ್ಲ. 2005ರಲ್ಲಿ ಅಮೆರಿಕದ ಪತ್ರಿಕಾ ಸಂಪಾದಕರ ಸಂಘ ಹಿಂದಿನ 40 ವರ್ಷಗಳ ಅತ್ಯುತ್ತಮ ಮುಖಪುಟವೆಂದು ಅದನ್ನೇ ಆರಿಸಿತು. ಇದನ್ನು ನೋಡಿದ ವಿದ್ಯಾರ್ಥಿಗಳು ತಮ್ಮ ಮುಖಪುಟದಲ್ಲೂ ಮಾತೇ ಬೇಡ ಎನ್ನುತ್ತಾರೆ. ಸುದ್ದಿ ಜಗತ್ತಿಗೆಲ್ಲ ಗೊತ್ತಿದ್ದಾಗ, ಪತ್ರಿಕೆಗೆ ಹದಿಮೂರು ವರ್ಷದ ಪರಿಚಯವಿದ್ದಾಗ ಮೌನಕ್ಕೆ ಆ ಬಲ ಬಂತು. ನಿನ್ನೆ ಹುಟ್ಟಿದ ಪತ್ರಿಕೆ, ಊರಾಚೆಗೆ ಹೆಸರು ಗೊತ್ತಿಲ್ಲದ ಗಾಯಕ, ಇಲ್ಲಿ ಓದುಗರಿಗೆ ಮಾತು ಬೇಕೇ ಬೇಕು.

ಆ ಮಾತು ಹೇಗಿರಬೇಕು? ‘ಸಂಗೀತ ಲೋಕದ ಮಿನುಗುತಾರೆ’, ‘ವಿಶೇಷ ಸಂದರ್ಶನ’, ‘ಇನ್ನೂ ಹಲವು ಆಕರ್ಷಣೆಗಳು’ ಎಂಬ ಸಾಲುಗಳು ಪ್ರತಿ ವರ್ಷವೂ ಬರುತ್ತವೆ. ಇವನ್ನು ಯಾವ ಪತ್ರಿಕೆಯ ಮೇಲೆ ಹಾಕಿದರೂ ನಡೆಯುತ್ತದೆ, ಅದೇ ಇವುಗಳ ದೋಷ. ಏಕತಾರಿಯ ಚಿತ್ರದ ಪಕ್ಕದಲ್ಲಿ ಆ ವಿದ್ಯಾರ್ಥಿನಿ ಕೊನೆಗೆ ಬರೆದದ್ದು ‘ಒಂದೇ ತಂತಿ, ಊರೆಲ್ಲ ಕೇಳುಗರು’ ಎಂಬ ಸಾಲು. ಕೆಳಗೆ ಚಿಕ್ಕದಾಗಿ ಇನ್ನೆರಡು: ‘ಮೊದಲ ಮೈಕ್ ಕೊಳ್ಳುವ ಮುನ್ನ ತಿಳಿದಿರಬೇಕಾದದ್ದು’ ಮತ್ತು ‘ಮದುವೆ ಕಾಲ ಮುಗಿದ ಮೇಲೆ ಬ್ಯಾಂಡಿನವರು ಏನು ಮಾಡುತ್ತಾರೆ?’ ಮೂರೂ ಬೇರೆ ಬೇರೆ ಕುತೂಹಲ ಹುಟ್ಟಿಸುತ್ತವೆ, ಮೂರೂ ಆ ಬಸ್ಸಿನ ಹುಡುಗಿಗೆ ಬೇಕಾದವೇ. ಸಾಲು ಬರೆದ ಮೇಲೆ ಒಂದು ಪರೀಕ್ಷೆ ಮಾಡಿ: ಈ ಲೇಖನವನ್ನು ನಾನು ನಿಜವಾಗಿ ಬರೆಯಬಲ್ಲೆನೇ? ಒಳಪುಟಗಳು ಪ್ರಾಜೆಕ್ಟಿನಲ್ಲಿ ಇಲ್ಲದಿರಬಹುದು. ಆದರೂ ಮುಖಪುಟದ ಪ್ರತಿ ಸಾಲಿನ ಹಿಂದೆ ಒಂದು ಲೇಖನ ಇರಲು ಸಾಧ್ಯವಿರಬೇಕು.

ಕನ್ನಡ ಅಕ್ಷರದ ವಿಷಯಕ್ಕೆ ಬಂದರೆ ಇಂಗ್ಲಿಷ್ ಪಾಠಪುಸ್ತಕಗಳು ಹೆಚ್ಚು ನೆರವಾಗುವುದಿಲ್ಲ. ಅಲ್ಲಿ ಮುಖ್ಯ ಸಾಲನ್ನು ಕ್ಯಾಪಿಟಲ್ ಅಕ್ಷರದಲ್ಲಿ, ಉಳಿದದ್ದನ್ನು ಸಣ್ಣಕ್ಷರದಲ್ಲಿ ಹಾಕಿ ದೊಡ್ಡದು ಚಿಕ್ಕದು ತೋರಿಸುತ್ತಾರೆ. ನಮ್ಮ ಲಿಪಿಯಲ್ಲಿ ಆ ಭೇದವಿಲ್ಲ. ನಾವು ಗಾತ್ರದಿಂದ, ದಪ್ಪದಿಂದ, ಬಣ್ಣದಿಂದಲೇ ತೋರಿಸಬೇಕು. ಹಾಗಾಗಿ ಒಂದೇ ಕುಟುಂಬದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿರುವ ಫಾಂಟ್ ಆರಿಸಿಕೊಳ್ಳುವುದು ಜಾಣತನ. ಏಕ್ ಟೈಪ್‌ನವರ ‘ಅನೇಕ್ ಕನ್ನಡ’, ಗೂಗಲ್ಲಿನ ‘ನೋಟೊ’ ಕುಟುಂಬಗಳು ಉಚಿತವಾಗಿ ಸಿಗುತ್ತವೆ, ಎರಡರಲ್ಲೂ ಈ ಅನುಕೂಲವಿದೆ.

ಪತ್ರಿಕೆಯ ಹೆಸರನ್ನು ‘ಸುವ್ವಿ’ ಎಂದು ಇಟ್ಟಿದ್ದೀರಿ ಎನ್ನೋಣ. ದೊಡ್ಡ ಪತ್ರಿಕೆಗಳಲ್ಲಿ ಕಲಾವಿದರ ತಲೆ ಹೆಸರಿನ ಮೇಲೆ ಬಂದು ಅಕ್ಷರದ ಒಂದಷ್ಟು ಮುಚ್ಚಿರುವುದನ್ನು ನೋಡಿ ನೀವೂ ಹಾಗೆ ಮಾಡುತ್ತೀರಿ. ಇಂಗ್ಲಿಷಿನಲ್ಲಿ ಅಕ್ಷರದ ಕೆಳಭಾಗ ಮುಚ್ಚಿದರೂ ಮೇಲ್ಭಾಗ ನೋಡಿ ಓದಿಕೊಳ್ಳಬಹುದು. ಕನ್ನಡದಲ್ಲಿ ತಲೆ ಮೊದಲು ಮುಚ್ಚುವುದು ಒತ್ತಕ್ಷರವನ್ನು. ಒತ್ತು ಮರೆಯಾದರೆ ಪತ್ರಿಕೆಯ ಹೆಸರು ‘ಸುವಿ’ ಎಂದಾಗುತ್ತದೆ. ಹೊಸ ಪತ್ರಿಕೆಯ ಹೆಸರು ಯಾರಿಗೂ ಬಾಯಿಪಾಠವಿರುವುದಿಲ್ಲ, ಊಹಿಸಿ ಓದಲು ಸಾಧ್ಯವಿಲ್ಲ. ಇನ್ನೊಂದು ಉದಾಹರಣೆ ‘ರಾಗಲೋಕ’. ಹೆಸರು ಪುಟದ ಅಗಲಕ್ಕೆ ಹರಡಲಿ ಎಂದು ಅಕ್ಷರಗಳ ನಡುವಿನ ಅಂತರ ಹೆಚ್ಚಿಸಿದರೆ ‘ಲೋ’ದ ದೀರ್ಘ ಕಳಚಿಕೊಂಡು ಪಕ್ಕಕ್ಕೆ ಸರಿದು ಒಂಟಿಯಾಗಿ ನಿಲ್ಲುತ್ತದೆ. ಫಾಂಟಿನೊಳಗೆ ಆ ದೀರ್ಘ ಬೇರೆಯೇ ತುಣುಕು, ಅಂತರ ಹೆಚ್ಚಿಸು ಎಂದರೆ ಯಂತ್ರ ಅದನ್ನೂ ದೂರ ತಳ್ಳುತ್ತದೆ. ಹೆಸರನ್ನು ಅಗಲಿಸಬೇಕೆಂದರೆ ಗಾತ್ರ ಹೆಚ್ಚಿಸಿ, ಇಲ್ಲವೇ ಕೈಯಿಂದಲೇ ಬರೆದು ಸ್ಕ್ಯಾನ್ ಮಾಡಿ. ಎರಡು ಸಾಲಿನ ಶೀರ್ಷಿಕೆಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಸಾಫ್ಟ್‌ವೇರ್ ತಾನಾಗಿ ಕೊಡುವ ಸಾಲಂತರ ಇಂಗ್ಲಿಷಿಗೆಂದು ಮಾಡಿದ್ದು, ಅದನ್ನು ಕಣ್ಣಳತೆಯಲ್ಲಿ ಹೆಚ್ಚಿಸಿಕೊಳ್ಳಬೇಕು.

ಒತ್ತಕ್ಷರಗಳು ಪುಟದಲ್ಲಿ ಒಡೆದು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿದ್ದರೆ ಗಾಬರಿಯಾಗಬೇಡಿ. ಇನ್‌ಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಎಂಬ ಆಯ್ಕೆಯಿದೆ, ಅದನ್ನು ಹಾಕಿಕೊಂಡರೆ ಯೂನಿಕೋಡ್ ಕನ್ನಡ ನೆಟ್ಟಗೆ ಮೂಡುತ್ತದೆ. ಫೋಟೊಶಾಪ್‌ನಲ್ಲೂ ಭಾರತೀಯ ಲಿಪಿಗಳಿಗೆ ಇಂಥದೇ ವ್ಯವಸ್ಥೆಯಿದೆ. ಡಿಟಿಪಿ ಅಂಗಡಿಯವರು ನುಡಿ, ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿಕೊಟ್ಟ ಸಾಲುಗಳು ಫಾಂಟ್ ಬದಲಿಸಿದ ಕೂಡಲೇ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ, ಆದ್ದರಿಂದ ಮೊದಲಿನಿಂದಲೂ ಯೂನಿಕೋಡಿನಲ್ಲೇ ಬರೆಯಿರಿ. ಅಕ್ಷರದೊಡನೆ ಆಟ ಆಡುವ ಆಸೆಯಿರುವವರು ಅಮೆರಿಕದ ‘ರೇ ಗನ್’ ಪತ್ರಿಕೆಯ ವಿನ್ಯಾಸಕ ಡೇವಿಡ್ ಕಾರ್ಸನ್ ಕೆಲಸವನ್ನು ಅಗತ್ಯ ನೋಡಬೇಕು. ಸಪ್ಪೆಯೆನಿಸಿದ ಒಂದು ಸಂದರ್ಶನವನ್ನು 1994ರಲ್ಲಿ ಅವರು ಪೂರ್ತಿಯಾಗಿ ಚಿಹ್ನೆಗಳೇ ಇರುವ ಫಾಂಟಿನಲ್ಲಿ ಅಚ್ಚು ಹಾಕಿಸಿದರು, ಒಂದು ಪದವನ್ನೂ ಓದುವಂತಿರಲಿಲ್ಲ. ಅದು ಇತಿಹಾಸದಲ್ಲಿ ಉಳಿಯಿತು. ಆದರೆ ಆ ಓದುಗರು ಪತ್ರಿಕೆಯನ್ನು ಚೆನ್ನಾಗಿ ಬಲ್ಲವರು. ಓದಿಸಿಕೊಳ್ಳುವುದನ್ನು ಮೊದಲು ಸಾಧಿಸಿ, ಮುರಿಯುವುದನ್ನು ಆಮೇಲೆ ನೋಡೋಣ.

ತಯಾರಿಕೆಯ ಮಾತು ಒಂದಿಷ್ಟು. ಎ4 ಕಾಗದ 210×297 ಮಿಲಿಮೀಟರ್. ಚಿತ್ರ ಅಂಚಿನವರೆಗೂ ಬರಬೇಕಾದರೆ ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚುವರಿ ಬಿಟ್ಟು 216×303 ಅಳತೆಯಲ್ಲಿ ಪುಟ ಮಾಡಬೇಕು. ಪ್ರೆಸ್ಸಿನವರು ಇದನ್ನು ಬ್ಲೀಡ್ ಎನ್ನುತ್ತಾರೆ, ಕತ್ತರಿಸುವಾಗ ಕೂದಲೆಳೆಯಷ್ಟು ಅತ್ತಿತ್ತಾದರೂ ಬಿಳಿ ಗೆರೆ ಉಳಿಯದಿರಲಿ ಎಂದು ಈ ಏರ್ಪಾಡು. ಅಕ್ಷರಗಳನ್ನು ಮಾತ್ರ ಅಂಚಿನಿಂದ ಸಾಕಷ್ಟು ಒಳಗಿಡಿ. ಅಚ್ಚಿಗೆ ಇಂಚಿಗೆ 300 ಪಿಕ್ಸೆಲ್ ಬೇಕು, ಅಂದರೆ ಎ4ಗೆ 2480×3508. ನಿಮ್ಮ ಫೋನಿನ 12 ಮೆಗಾಪಿಕ್ಸೆಲ್ ಚಿತ್ರ ಸುಮಾರು 3000×4000 ಇರುತ್ತದೆ, ಮುಖಪುಟಕ್ಕೆ ಸಾಕು, ದುಬಾರಿ ಕ್ಯಾಮೆರಾ ಇಲ್ಲವೆಂದು ಹಿಂಜರಿಯಬೇಕಿಲ್ಲ. ಆದರೆ ಆ ಚಿತ್ರವನ್ನು ವಾಟ್ಸಾಪಿನಲ್ಲಿ ಸುಮ್ಮನೆ ಫೋಟೊ ಎಂದು ಕಳಿಸಿಕೊಂಡರೆ ಅದು ಕುಗ್ಗಿ ಬರುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ, ಇಲ್ಲವೇ ಕೇಬಲ್ ಹಾಕಿ ತೆಗೆದುಕೊಳ್ಳಿ.

ಕಂಪ್ಯೂಟರಿನ ಪರದೆ ಕೆಂಪು, ಹಸಿರು, ನೀಲಿ ಬೆಳಕಿನಿಂದ ಬಣ್ಣ ಮಾಡುತ್ತದೆ, ಪ್ರೆಸ್ಸು ಸಯಾನ್, ಮಜೆಂಟಾ, ಹಳದಿ, ಕಪ್ಪು ಶಾಯಿಯಿಂದ. ಪರದೆಯಲ್ಲಿ ಹೊಳೆಯುವ ಗಿಳಿಹಸಿರು, ಮಿಂಚುನೀಲಿ ಕಾಗದದ ಮೇಲೆ ಮಂಕಾಗುತ್ತವೆ. ಆದ್ದರಿಂದ ನಾಲ್ಕು ಬಣ್ಣದ ಲೆಕ್ಕಕ್ಕೆ ಪರಿವರ್ತಿಸಿ ನೋಡಿಯೇ ಬಣ್ಣ ತೀರ್ಮಾನಿಸಿ. ಕಡುಬಣ್ಣದ ಚಿತ್ರದ ಮೇಲೆ ಸಣ್ಣ ಬಿಳಿ ಅಕ್ಷರ ಹಾಕುವುದಾದರೆ ದಪ್ಪ ತೂಕವನ್ನೇ ಹಾಕಿ, ತೆಳು ಅಕ್ಷರವನ್ನು ಶಾಯಿ ನುಂಗಿಬಿಡುತ್ತದೆ. ನಾಲ್ಕೈದು ಪ್ರತಿಗೆ ಆಫ್‌ಸೆಟ್ ಬೇಕಿಲ್ಲ, ಡಿಜಿಟಲ್ ಪ್ರಿಂಟ್ ಅಂಗಡಿಯಲ್ಲಿ 170ರಿಂದ 250 ಜಿಎಸ್‌ಎಂ ಆರ್ಟ್ ಪೇಪರಿನ ಮೇಲೆ ಮಾಡಿಸಿ. ಮೊದಲು ಒಂದೇ ಪ್ರತಿ ತೆಗೆಸಿ, ಹಗಲು ಬೆಳಕಿನಲ್ಲಿ ನೋಡಿ, ಅಕ್ಷರಕ್ಷರ ಬೆರಳಿಟ್ಟು ಓದಿ, ಬೇರೆಯವರಿಂದಲೂ ಓದಿಸಿ. ಬಾರ್‌ಕೋಡ್ ಇದ್ದರೆ ಪತ್ರಿಕೆಯಂತೆ ಕಾಣುತ್ತದೆಂದು ಇನ್ನೊಂದು ಪತ್ರಿಕೆಯದನ್ನು ಕತ್ತರಿಸಿ ಅಂಟಿಸುವ ರೂಢಿಯಿದೆ. ಪತ್ರಿಕೆಗಳ ಬಾರ್‌ಕೋಡ್ 977ರಿಂದ ಶುರುವಾಗಿ ಆಯಾ ಪತ್ರಿಕೆಯ ಐಎಸ್‌ಎಸ್‌ಎನ್ ಸಂಖ್ಯೆಯನ್ನು ಹೊತ್ತಿರುತ್ತದೆ, ಅದು ಇನ್ನೊಬ್ಬರ ಗುರುತು. ಆ ಜಾಗದಲ್ಲಿ ಬಿಳಿ ಚೌಕ ಬಿಟ್ಟರೆ ವಿನ್ಯಾಸಕ್ಕೂ ಸಾಕು, ಪ್ರಾಮಾಣಿಕತೆಗೂ ಸರಿ.

ಪ್ರತಿ ಕೈಗೆ ಬಂದ ಮೇಲೆ ಅದನ್ನು ಗೋಡೆಗೆ ಒರಗಿಸಿ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ. ಪತ್ರಿಕೆಯ ಹೆಸರು, ಮುಖ, ಮುಖ್ಯ ಸಾಲು ಈ ಮೂರು ಆ ದೂರದಿಂದ ಕಾಣಬೇಕು. ಅದೇ ಪುಟವನ್ನು ಫೋನಿನಲ್ಲಿ ಹೆಬ್ಬೆರಳಿನಷ್ಟು ಚಿಕ್ಕದು ಮಾಡಿ ನೋಡಿ, ಈಗ ಹೆಚ್ಚಿನವರು ಮುಖಪುಟವನ್ನು ಮೊದಲು ನೋಡುವುದು ಆ ಅಳತೆಯಲ್ಲೇ. ಆಮೇಲೆ ಒಂದು ಪ್ರತಿಯನ್ನು ಮುಖಪುಟದಲ್ಲಿರುವ ಕಲಾವಿದರಿಗೆ ತಲುಪಿಸಿ. ಸಮಯ ಕೊಟ್ಟು, ಹಾಡಿ, ಕೂತಲ್ಲಿ ಕೂತವರು ಅವರು. ಒಂದು ಪ್ರತಿ ಅವರಿಗೆ ಸಲ್ಲಬೇಕಾದದ್ದೇ.

ಅಧ್ಯಾಪಕರಿಗೂ ನನ್ನದೊಂದು ವಿನಂತಿಯಿದೆ. ಅಂಕ ಕೊಡುವಾಗ ಸಾಫ್ಟ್‌ವೇರ್ ಚಳಕಕ್ಕಿಂತ ಓದುಗರ ಆಯ್ಕೆಗೆ, ಸ್ವಂತ ಚಿತ್ರಕ್ಕೆ, ಮೂರು ಸಾಲುಗಳಿಗೆ ಹೆಚ್ಚು ಬೆಲೆ ಕೊಡಿ. ಸಾಧ್ಯವಾದರೆ ಒಂದು ಮುಖಪುಟದ ಬದಲು ಒಂದೇ ಪತ್ರಿಕೆಯ ಎರಡು ಸಂಚಿಕೆಗಳ ಮುಖಪುಟ ಕೇಳಿ. ಗುಂಪಾಗಿ ಮಾಡುವ ವಿದ್ಯಾರ್ಥಿಗಳು ಒಂದೇ ಪತ್ರಿಕೆಯ ಬೇರೆ ಬೇರೆ ಸಂಚಿಕೆ ಮಾಡಬೇಕು, ಎಲ್ಲದರ ಶೈಲಿ ಒಂದೇ ಇರಬೇಕು ಎಂದು ಒಸಿಆರ್ ಕೂಡ ಹೇಳುತ್ತಿತ್ತು. ಮೊದಲ ಸಂಚಿಕೆಯಲ್ಲಿ ಏಕತಾರಿಯ ಒಬ್ಬ ಹಿರಿಯರು, ಎರಡನೆಯದರಲ್ಲಿ ಡೊಳ್ಳು ಬಾರಿಸುವ ಹತ್ತು ಹುಡುಗಿಯರು. ಹೆಸರು ಅದೇ ಜಾಗದಲ್ಲಿ ನಿಲ್ಲುತ್ತದೆಯೇ, ಅದೇ ಫಾಂಟು ಅಷ್ಟು ಸದ್ದಿನ ಚಿತ್ರಕ್ಕೂ ಒಗ್ಗುತ್ತದೆಯೇ, ಬಸ್ಸಿನ ಆ ಹುಡುಗಿ ಎರಡನ್ನೂ ತನ್ನ ಪತ್ರಿಕೆಯೆಂದು ಗುರುತಿಸುತ್ತಾಳೆಯೇ? ಒಂದು ಮುಖಪುಟ ಒಳ್ಳೆಯ ಚಿತ್ರದ ಬಲದಿಂದ ಚೆನ್ನಾಗಿ ಬರಬಹುದು. ಎರಡನೆಯದೂ ಚೆನ್ನಾಗಿ ಬಂದರೆ ಆ ವಿದ್ಯಾರ್ಥಿಗೆ ಪತ್ರಿಕೆ ಮಾಡುವುದು ಬರುತ್ತದೆ ಎಂದು ಧೈರ್ಯವಾಗಿ ಹೇಳಬಹುದು.